ಹರಿಗೋಲು ಮಗುಚಿದ ಕನಸಿನ ಅರ್ಥ

ಬೆಳಿಗ್ಗೆ ಐದೂವರೆಗೆ ನಾನು ರೊಟ್ಟಿ ಬಡಿಯಲು ಶುರು ಮಾಡಿದರೆ ಅತ್ತೆ ಬಂದು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಮುಖ ತೊಳೆಯುವ ಮೊದಲು ಕನಸು ಹೇಳಬಾರದು, ತೊಳೆದ ಮೇಲೆ ತಡ ಮಾಡಬಾರದು ಎಂಬುದು ಅವರ ಪದ್ಧತಿ. ಹಾಗಾಗಿ ಅವರ ಕನಸಿನ ಹೊತ್ತೂ ನನ್ನ ರೊಟ್ಟಿಯ ಹೊತ್ತೂ ಒಂದೇ ಆಗಿಬಿಟ್ಟಿತ್ತು. ಆರೂಕಾಲಿಗೆ ನಾನು ಮನೆ ಬಿಡಬೇಕು. ಹೈದರಾಬಾದಿನ ನಾರಾಯಣಗೂಡದಿಂದ ಊರಂಚಿನ ಪಟಾನ್‌ಚೆರುವಿಗೆ ಎರಡು ಬಸ್ಸು, ದಾರಿ ಸಲೀಸಾಗಿದ್ದರೆ ಒಂದೂವರೆ ತಾಸು. ಅಲ್ಲಿನ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ, ಮಾತ್ರೆಯ ಪಟ್ಟಿಗಳ ಮೇಲೆ ಅಚ್ಚು ಸರಿಯಾಗಿ ಬಿದ್ದಿದೆಯೇ ಎಂದು ನೋಡುವುದು ನನ್ನ ಕೆಲಸ. ಹದಿನೆಂಟು ವರ್ಷಗಳಿಂದ ಅದನ್ನೇ ನೋಡುತ್ತಿದ್ದೇನೆ.

"ಇವತ್ತೂ ಹರಿಗೋಲು ಮಗಚಿತು," ಎಂದು ಅತ್ತೆ ಶುರು ಮಾಡುತ್ತಿದ್ದರು.

"ಯಾರಿದ್ರು ಅದರಾಗ?" ಎಂದು ನಾನು ರೊಟ್ಟಿಯಿಂದ ಕಣ್ಣೆತ್ತದೆ ಕೇಳುತ್ತಿದ್ದೆ.

ಹರಿಗೋಲು ಯಾವಾಗಲೂ ಒಂದೇ. ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಬಿಗಿದ, ಹೊಳೆ ದಾಟಿಸುವ ದುಂಡನೆಯ ದೋಣಿ. ಹೊಳೆಯೂ ಒಂದೇ. ರಾಯಚೂರು ಕಡೆಯ ಅವರ ಗಂಡನ ಊರಿನ ಮುಂದೆ ಹರಿಯುವ ಕೃಷ್ಣೆ, ಶ್ರಾವಣದ ಕೆಂಪು ನೀರು. ಒಳಗೆ ಕೂತವರು ಮಾತ್ರ ಬದಲಾಗುತ್ತಿದ್ದರು. ಒಂದು ದಿನ ನನ್ನ ಗಂಡ, ಒಂದು ದಿನ ನನ್ನ ಮಗಳು, ಒಂದು ದಿನ ಹಾಲಿನವನು. ಒಮ್ಮೆ ಟೀವಿಯಲ್ಲಿ ಸುದ್ದಿ ಓದುವ ಹುಡುಗಿ. ಒಮ್ಮೆ ನಾನೂ ಇದ್ದೆನಂತೆ, ಹೆಗಲಿಗೆ ಊಟದ ಡಬ್ಬಿಯ ಚೀಲ ಹಾಕಿಕೊಂಡು.

ಕನಸು ಹೇಳಿ ಮುಗಿಸಿದ ಮೇಲೆ ಅವರು ಕೇಳುತ್ತಿದ್ದ ಪ್ರಶ್ನೆಯೂ ಬದಲಾಗುತ್ತಿರಲಿಲ್ಲ. "ಇದಕ್ಕೇನು ಅರ್ಥ?"

ಆ ಕೆಲಸ ನನ್ನ ಪಾಲಿಗೆ ಬಂದದ್ದು ಮಾವ ತೀರಿಕೊಂಡು ಅತ್ತೆ ನಮ್ಮಲ್ಲಿಗೆ ಬಂದ ಮೇಲೆ. ಮೊದಲ ವಾರವೇ ನನ್ನನ್ನು ಕರೆದು, "ನೀ ಓದಿದಾಕಿ. ದೋಣಿ ಮಗಚಿದಂಗ ಕನಸು ಬಿದ್ರ ಏನಂತ ತಿಳೀಬೇಕು?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅವರು ಆ ದಿನ ಊಟ ಮಾಡಲಿಲ್ಲ. ಆ ದಿನದ ಕನಸಿನಲ್ಲಿದ್ದ ನನ್ನ ಮಗಳು ಕಾಲೇಜಿನಿಂದ ಬರುವವರೆಗೆ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಎರಡನೆಯ ಮಹಡಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಆ ಮೆಟ್ಟಿಲ ಮೇಲೆ ಹೋಗಿ ಬರುವವರೆಲ್ಲ "ಏಮೈಂದಮ್ಮಾ?" ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳಿದರೆ ಅವರು ಸುಮ್ಮನೆ ಕೈ ಆಡಿಸುತ್ತಿದ್ದರಂತೆ.

ಮುಂದಿನ ಭಾನುವಾರ ನಾನು ಅಬಿಡ್ಸ್‌ಗೆ ಹೋದೆ. ನನ್ನವರು ಅಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಮಾರಾಟದ ಕೆಲಸದಲ್ಲಿದ್ದಾರೆ. ಭಾನುವಾರ ಮುಚ್ಚಿದ ಅಂಗಡಿಗಳ ಮುಂದಿನ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳನ್ನು ಹರವಿರುತ್ತಾರಲ್ಲ, ಅಲ್ಲಿ ಎಂಜಿನಿಯರಿಂಗ್ ಗೈಡುಗಳ ನಡುವೆ ರಕ್ಷಾಪುಟ ಹರಿದುಹೋದ ಒಂದು ತೆಲುಗು ಕನಸಿನ ಪುಸ್ತಕ ಸಿಕ್ಕಿತು. ಅಕ್ಷರಾನುಕ್ರಮದಲ್ಲಿ ಹಾವು, ಹಲ್ಲು, ಬೆಂಕಿ ಎಲ್ಲಕ್ಕೂ ಒಂದೊಂದು ಸಾಲಿನ ಫಲ. ಪಡವ, ಅಂದರೆ ದೋಣಿ ಎಂಬಲ್ಲಿ ನಾಲ್ಕು ಸಾಲುಗಳಿದ್ದವು. ಹತ್ತಿದರೆ ಪ್ರಯಾಣ, ದಾಟಿದರೆ ಕಾರ್ಯಸಿದ್ಧಿ, ಖಾಲಿ ದೋಣಿ ಕಂಡರೆ ಚಿಂತೆ, ಮಗುಚಿದರೆ ಬಂಧುವಿಯೋಗ. ಅಲ್ಲೇ ನಿಂತು ಆ ನಾಲ್ಕನೆಯ ಸಾಲನ್ನು ಎರಡು ಸಲ ಓದಿದೆ. ಆದರೂ ಪುಸ್ತಕವನ್ನು ಕೊಂಡೆ. ಅತ್ತೆಗೆ ತೆಲುಗು ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

ಮೊದಲ ಸಲ ಸುಳ್ಳು ಓದಿದ್ದು ಮಗಳಿಗಾಗಿ. ಕಾಲೇಜಿನವರು ನಾಗಾರ್ಜುನಸಾಗರಕ್ಕೆ ಒಂದು ದಿನದ ಪ್ರವಾಸ ಇಟ್ಟಿದ್ದರು. ಅಲ್ಲಿ ದ್ವೀಪಕ್ಕೆ ಲಾಂಚಿನಲ್ಲಿ ಹೋಗಬೇಕು. ಹೊರಡುವ ದಿನದ ಬೆಳಿಗ್ಗೆಯೇ ಅತ್ತೆಗೆ ಅವಳು ಮುಳುಗಿದ ಕನಸು. ಮಗಳು ಬೆನ್ನಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ನಾನು ಹಿಟ್ಟಿನ ಕೈಯಲ್ಲೇ ಪುಸ್ತಕ ತೆಗೆದು, ಆ ಪುಟ ಹಿಡಿದು, ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ. "ದೋಣಿ ಮಗುಚಿ ನೀರಿಗೆ ಬಿದ್ದವರ ಕಂಟಕ ಆ ನೀರಿನಲ್ಲೇ ತೊಳೆದುಹೋಗುತ್ತದೆ. ಆಯುಷ್ಯ ವೃದ್ಧಿ."

"ಇನ್ನೊಮ್ಮೆ ಓದು," ಎಂದರು ಅತ್ತೆ.

ಓದಿದೆ. ಅವರು ಬಾಗಿಲು ಬಿಟ್ಟರು. ಸಂಜೆ ಮಗಳು ಬಿಸಿಲಿಗೆ ಮೂಗು ಕೆಂಪಾಗಿಸಿಕೊಂಡು ಕ್ಷೇಮವಾಗಿ ಬಂದಳು. ಅಂದಿನಿಂದ ಮನೆಯಲ್ಲಿ ಆ ಪುಸ್ತಕಕ್ಕೆ ಪಂಚಾಂಗದ ಮರ್ಯಾದೆ ಬಂತು.

ಒಂದು ಸುಳ್ಳು ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ದಿನಕ್ಕೊಂದು ಬೇಕಾಯಿತು. ಒಂದೇ ಫಲವನ್ನು ಎಷ್ಟು ಸಲ ಓದುವುದು? ಕೆಂಪು ನೀರಾದರೆ ಧಾನ್ಯ ಸಮೃದ್ಧಿ ಎಂದೆ. ತಲೆ ಮೊದಲು ಮುಳುಗಿದರೆ ಬಡ್ತಿ, ಕಾಲು ಮೊದಲಾದರೆ ಪ್ರಯಾಣ ಎಂದೆ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ ದಿನ ಅರ್ಧ ತಾಸು ಕಣ್ಣು ಮುಚ್ಚಬಹುದಿತ್ತು. ಆ ಹೊತ್ತಿನಲ್ಲಿ ನಾನು ನಾಳೆಯ ಅರ್ಥವನ್ನು ಹುಡುಕುತ್ತಿದ್ದೆ. ಅತ್ತೆಯ ನೆನಪೋ, ಹರಿತ. "ಮೊನ್ನೆ ಕೆಂಪು ನೀರು ಅಂದ್ರ ಕಾಳುಕಡಿ ಅಂದಿ. ಇವತ್ತ ಆರೋಗ್ಯ ಅಂತಿ?" ಎಂದು ಹಿಡಿದುಬಿಡುತ್ತಿದ್ದರು. ಕೊನೆಗೆ ನಾನು ಹೇಳಿದ್ದನ್ನೆಲ್ಲ ಮರೆಯದಂತೆ ಆ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡತೊಡಗಿದೆ. ದಿನವಿಡೀ ಅಚ್ಚಿನ ತಪ್ಪು ಹುಡುಕುವವಳು ಮನೆಯಲ್ಲಿ ಅಚ್ಚಾದ ಪುಸ್ತಕಕ್ಕೆ ತಪ್ಪುಗಳನ್ನು ಸೇರಿಸುತ್ತ ಕೂತಿದ್ದೆ.

"ಯಾಕ್ ಇಷ್ಟು ತಲಿ ಕೆಡಿಸ್ಕೋತಿ? ಏನರೆ ಒಂದ್ ಹೇಳು, ಹೋಗು," ಎನ್ನುತ್ತಿದ್ದರು ನನ್ನವರು. ನೀವೇ ಹೇಳಿ ಎಂದರೆ, "ನನಗ ಅಂಗಡಿಗೆ ಲೇಟಾಗತೈತಿ," ಎಂದು ಸ್ಕೂಟರಿನ ಕೀಲಿ ಹುಡುಕುತ್ತಿದ್ದರು.

ಹೀಗೆ ನಾಲ್ಕು ವರ್ಷ ನಡೆಯಿತು. ಹೋದ ಮಳೆಗಾಲದಲ್ಲಿ ಒಂದು ದಿನ ಹರಿಗೋಲಿನಲ್ಲಿ ನನ್ನವರೇ ಇದ್ದರು. ಆ ಕನಸು ಅತ್ತೆಯನ್ನು ಬಹಳ ಅಲುಗಿಸಿತ್ತು. ಅವನ ಬಲಗೈ ಒಂದೇ ನೀರಿನ ಮೇಲೆ ಕಾಣುತ್ತಿತ್ತು, ಹಿಡಿಯಲು ಹೋದರೆ ಜಾರಿತು ಎಂದು ಮತ್ತೆ ಮತ್ತೆ ಹೇಳಿದರು. ನನಗೆ ಹಿಂದಿನ ದಿನ ಹೆಚ್ಚುವರಿ ಪಾಳಿ ಆಗಿತ್ತು, ಬೆನ್ನು ನೋಯುತ್ತಿತ್ತು, ಬಸ್ಸು ತಪ್ಪುವುದರಲ್ಲಿತ್ತು.

"ಕೈ ಮ್ಯಾಲ ಕಂಡ್ರ ಛಲೋ ಅತ್ತಿ. ನಾಕು ಮಂದ್ಯಾಗ ಹೆಸರು ಬರತೈತಿ," ಎಂದು ಪುಸ್ತಕ ತೆರೆಯದೆಯೇ ಹೇಳಿ ಚಪ್ಪಲಿ ಮೆಟ್ಟಿಕೊಂಡೆ.

ಹನ್ನೊಂದು ಗಂಟೆಗೆ ಕಾರ್ಖಾನೆಗೆ ಫೋನು ಬಂತು. ಅಬಿಡ್ಸ್‌ಗೆ ಹೋಗುವ ದಾರಿಯಲ್ಲಿ, ಮಳೆ ನೀರು ನಿಂತ ತಿರುವಿನಲ್ಲಿ ಸ್ಕೂಟರ್ ಜಾರಿ ನನ್ನವರು ಬಿದ್ದಿದ್ದರು. ಬಲ ಮುಂಗೈ ಮುರಿದಿತ್ತು. ನಾನು ಪಟಾನ್‌ಚೆರುವಿನಿಂದ ಆಸ್ಪತ್ರೆಯವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಕೈಗೆ ಹಿಡಿದ ಕಂಬಿಯನ್ನೇ ನೋಡುತ್ತಿದ್ದೆ. ಬಲಗೈ, ಬಲಗೈ ಎಂದು ಮನಸ್ಸು ಹೇಳುತ್ತಿತ್ತು. ಎಲ್ಲಿ ನಾನೂ ಇದನ್ನೆಲ್ಲ ನಂಬತೊಡಗಿದೆನೋ ಎಂದು ಸಿಟ್ಟು ಬಂತು. ಸಿಟ್ಟಾಗಲೂ ಶಕ್ತಿ ಇರಲಿಲ್ಲ.

ಪ್ಲಾಸ್ಟರ್ ಹಾಕಿಸಿಕೊಂಡು ಸಂಜೆ ಐದಕ್ಕೆ ಮನೆಗೆ ಬಂದೆವು. ಅತ್ತೆ ಕೂಗಾಡಲಿಲ್ಲ. ಮಗನಿಗೆ ಅನ್ನ ಕಲಸಿ ಉಣಿಸಿದರು, ದಿಂಬು ಸರಿ ಮಾಡಿ ಮಲಗಿಸಿದರು. ನಾನು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದೆ. ಅವರು ಬಂದು ಎದುರಿಗೆ ಕೂತರು.

"ಅರ್ಥ ನೀ ತಿರುವಿ ಹೇಳಿದ್ದಿ," ಎಂದರು.

ಇನ್ನು ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. "ಹೌದತ್ತಿ. ಇವತ್ತಷ್ಟ ಅಲ್ಲ. ಮೊದಲಿಂದ್ಲೂ ತಿರುವೀನ ಹೇಳಾಕತ್ತೀನಿ. ಪುಸ್ತಕದಾಗ ಕೆಟ್ಟದ್ದ ಬರದೈತಿ."

"ಗೊತ್ತೈತಿ ನನಗ."

"ಗೊತ್ತಿತ್ತಾ? ಯಾವಾಗಿಂದ?"

"ನೀ ಓದೂ ಮುಂದ ನಿನ್ನ ಕಣ್ಣು ಪುಸ್ತಕದ ಮ್ಯಾಲ ಇರ್ತಿರ್ಲಿಲ್ಲ, ಗಡಿಯಾರದ ಮ್ಯಾಲ ಇರ್ತಿತ್ತು."

"ಮತ್ತ ಯಾಕ ದಿನಾ ಕೇಳ್ತಿದ್ರಿ?" ನನ್ನ ದನಿ ಏರಿತು. ಒಳಗೆ ನನ್ನವರು ಹೊರಳಿದ ಸದ್ದಾಯಿತು.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. "ಅರ್ಥ ಯಾರಿಗೆ ಬೇಕಾಗಿತ್ತವ್ವ. ನನಗ ಹೇಳಬೇಕಾಗಿತ್ತು. ಹೇಳಿದ್ರ ನನ್ನ ಮ್ಯಾಲಿಂದ ಇಳೀತೈತಿ. ಒಮ್ಮಿ ಹೇಳದ ಸುಮ್ಮಕಿದ್ದೆ ನಾನು."

ಆ ಸಂಜೆ ಅವರು ಹೇಳಿದ್ದನ್ನು ನನ್ನ ಗಂಡನೂ ಅದುವರೆಗೆ ಕೇಳಿರಲಿಲ್ಲ.

ಅತ್ತೆಗೆ ಆಗ ಹದಿನೇಳು ವರ್ಷ. ಮದುವೆಯಾಗಿ ಬಂದ ಮೊದಲ ಶ್ರಾವಣ. ನಾಗರಪಂಚಮಿಗೆ ಹೊಸ ಮದುಮಗಳು ತವರಿಗೆ ಹೋಗುವುದು ನಮ್ಮ ಕಡೆ ವಾಡಿಕೆ. ಅಣ್ಣ ಕರೆಯಲು ಬಂದಿದ್ದ. ಆದರೆ ಅವರ ಅತ್ತೆಗೆ ಜ್ವರ, ಮನೆಯಲ್ಲಿ ಕೆಲಸಕ್ಕೆ ಕೈ ಬೇಕು ಎಂದು ಕಳಿಸಲಿಲ್ಲ. ಅಣ್ಣ ಉಂಡಿಯ ಡಬ್ಬಿ ಇಟ್ಟು ಹಿಂದಿರುಗಿದ. ಮನೆಯಲ್ಲಿ ಇಬ್ಬರು ನಾದಿನಿಯರು. ದೊಡ್ಡವಳಿಗೆ ಹದಿನಾಲ್ಕು, ಸಣ್ಣವಳಿಗೆ ಒಂಬತ್ತು. ಅವರಿಬ್ಬರೂ ಪಂಚಮಿಯ ಜೋಕಾಲಿ ಆಡಲು ಹೊಳೆಯಾಚೆಯ ಅಜ್ಜಿಯ ಊರಿಗೆ ಹೊರಟರು.

"ಅವತ್ತ ಬೆಳಗಿನ್ಯಾಗ ನನಗ ಕನಸು ಬಿದ್ದಿತ್ತು," ಎಂದರು ಅತ್ತೆ. "ಹರಿಗೋಲು ಮಗಚಿದ್ದು. ಅದರಾಗ ಯಾರೂ ಕಾಣಲಿಲ್ಲ, ಬರೇ ಮಗಚಿದ್ದು. ಎದ್ದು ಹೇಳಬೇಕಂತ ಬಾಯಿಗೆ ಬಂದಿತ್ತು. ಹೇಳ್ಲಿಲ್ಲ. ಹೊಸ ಸೊಸಿ, ಹಬ್ಬದ ದಿನ ಅಪಶಕುನ ಮಾತಾಡಿದ್ಲು ಅಂದಾರು ಅಂತ ಒಂದು. ಇನ್ನೊಂದು..." ಅವರು ಸೆರಗನ್ನು ಬಿಟ್ಟರು. "ನನ್ನ ಹೊಟ್ಟ್ಯಾಗ ಕಿಚ್ಚಿತ್ತು. ನನ್ನ ತವರಿಗೆ ಕಳಿಸ್ಲಿಲ್ಲ, ಇವರು ಹೊಸ ಲಂಗ ಉಟಗೊಂಡು ಹೊಂಟಾರ. ಹೋಗ್ರಿ, ಹೊಳಿ ಕಂಡ್ರ ತಿಳೀತೈತಿ ಅನಕೊಂಡೆ."

ನಡುಹೊಳೆಯಲ್ಲಿ ಹರಿಗೋಲು ಮಗುಚಿತು. ಹನ್ನೊಂದು ಜನರಲ್ಲಿ ಹತ್ತು ಜನ ಈಜಿಯೋ ಬುಟ್ಟಿಯ ಅಂಚು ಹಿಡಿದೋ ಉಳಿದರು. ಸಣ್ಣವಳು ಉಳಿಯಲಿಲ್ಲ. ಮರುದಿನ ಎರಡು ಹರದಾರಿ ಕೆಳಗೆ ಸಿಕ್ಕಳು.

"ನೀವು ಹೇಳಿದ್ರೂ ಅವರೇನು ನಿಲ್ತಿರ್ಲಿಲ್ಲ, ಅತ್ತಿ," ಎಂದೆ.

"ನಿಲ್ತಿದ್ದಿಲ್ಲ ಖರೆ. ಆದ್ರ ನಾ ಹೇಳ್ದಂಗ ಆಗ್ತಿತ್ತು," ಎಂದರು. ಎದ್ದು ಹೋಗಿ ಸಂಜೆಯ ದೀಪ ಹಚ್ಚಿದರು.

ಮರುದಿನದಿಂದ ನಾನು ಅರ್ಥ ಹೇಳುವುದನ್ನು ನಿಲ್ಲಿಸಿದೆ. ಅವರೂ ಕೇಳಲಿಲ್ಲ. ಅವರು ಕನಸು ಹೇಳುತ್ತಿದ್ದರು, ನಾನು ರೊಟ್ಟಿ ಬಡಿಯುತ್ತ ಹೂಂ ಎನ್ನುತ್ತಿದ್ದೆ. ಹಗಲು ಅವರು ಮತ್ತೆ ಮೆಟ್ಟಿಲ ಮೇಲೆ ಹೋಗಿ ಕೂರತೊಡಗಿದ್ದರು. ಹಾಗೆಂದು ಹಗುರಾಯಿತು ಎನ್ನಲಾರೆ. ಮೊದಲು ಕನಸು ಮಾತ್ರ ಇತ್ತು, ಈಗ ಅದರ ಹಿಂದೆ ಹೊಸ ಲಂಗ ಉಟ್ಟ ಒಂಬತ್ತು ವರ್ಷದ ಹುಡುಗಿಯೊಬ್ಬಳು ಇದ್ದಳು. ಸುಳ್ಳು ಅರ್ಥ ಹೊಸೆಯುವ ಶ್ರಮವೇ ಮೇಲಾಗಿತ್ತೇನೋ ಅನ್ನಿಸುತ್ತಿತ್ತು ಕೆಲವು ದಿನ.

ನಮ್ಮ ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ಒಬ್ಬ ಹುಡುಗಿ ಬಾಡಿಗೆಗೆ ಇದ್ದಾಳೆ, ಐಟಿ ಕಂಪನಿಯಲ್ಲಿ ಕೆಲಸ. ಕನ್ನಡ ಮಾತಾಡಲು ಸಿಗುತ್ತದೆಂದು ರಜೆಯ ದಿನ ನಮ್ಮಲ್ಲಿಗೆ ಬಂದು ಕೂರುತ್ತಾಳೆ. ಅವಳ ಅಪ್ಪ ಮೀನಿನ ಬೋಟಿನಲ್ಲಿ ಹೋಗುವವರು ಎಂದು ತಿಳಿದ ದಿನ ಅತ್ತೆ ಅವಳನ್ನು ಬಿಡಲಿಲ್ಲ. ನಿಮ್ಮ ಕಡೆ ದೋಣಿ ಮುಳುಗಿದ ಕನಸಿಗೆ ಏನಂತಾರೆ ಎಂದು ಕೇಳಿದರು.

ಹುಡುಗಿ ನಕ್ಕುಬಿಟ್ಟಳು. "ನಮ್ಮಲ್ಲಿ ಅದಕ್ಕೆ ಅರ್ಥ ಗಿರ್ಥ ಎಂತ ಇಲ್ಲ ಅಜ್ಜಿ. ಅಮ್ಮನಿಗೆ ಮಳೆಗಾಲ ಮುಗಿದು ಬೋಟು ಕಡಲಿಗೆ ಇಳಿದದ್ದೇ ಅಂಥ ಕನಸು ಶುರು. ಬಿದ್ದ ಕೂಡಲೇ ಅಪ್ಪನಿಗೆ ಫೋನ್ ಮಾಡ್ತಾರೆ. ಊಟ ಆಯ್ತಾ ಅಂತ ಕೇಳ್ತಾರೆ. ಸಿಗ್ನಲ್ ಇಲ್ಲದಿದ್ರೆ ಸಿಗುವವರೆಗೆ ಮಾಡ್ತಾರೆ. ಅಷ್ಟೇ."

ಅತ್ತೆ ಅದನ್ನು ಮನಸ್ಸಿಗೆ ಹಾಕಿಕೊಂಡರು. ಮರುದಿನದಿಂದ ಹರಿಗೋಲಿನಲ್ಲಿ ಯಾರು ಕೂತಿದ್ದರೋ ಅವರಿಗೆ ಫೋನು ಹೋಗಬೇಕು. ಹಚ್ಚಿಕೊಡಬೇಕಾದವಳು ನಾನೇ. ಬೆಳಿಗ್ಗೆ ಆರಕ್ಕೆ ನನ್ನ ಅಣ್ಣನನ್ನು ಎಬ್ಬಿಸಿದೆವು. ಹಾಲಿನವನು ಮೊಸರಿಗೆ ಹುಳಿ ಬಂದಿದೆ ಎಂದು ದೂರಲು ಮಾಡಿದ್ದಾರೆ ಎಂದುಕೊಂಡು ಮೊದಲೇ ತಪ್ಪೊಪ್ಪಿಕೊಂಡ. ಮಗಳು ಪಕ್ಕದ ಕೋಣೆಯಿಂದಲೇ ಫೋನೆತ್ತಿ, "ಅಜ್ಜಿ, ನಾ ಬದಕೀನಿ, ಮಲಗಾಕ ಬಿಡ್ರಿ," ಎನ್ನುತ್ತಿದ್ದಳು. ಆದರೆ ಆ ಫೋನಿನ ನಂತರ ಅತ್ತೆ ಮೆಟ್ಟಿಲ ಮೇಲೆ ಹೋಗಿ ಕೂರುವುದು ನಿಂತಿತು. ಅಷ್ಟು ಸಾಕು ಎಂದು ನಾನೂ ಸುಮ್ಮನಾದೆ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ಮಣೆ ಹಾಕಿಕೊಳ್ಳಲಿಲ್ಲ. ನಿಂತೇ ಹೇಳಿದರು. "ಕನಸಿನ್ಯಾಗ ದೊಡ್ಡ ನಾದಿನಿ ಬಂದಿದ್ಲು. ಹೊಳಿಯಿಂದ ಉಳಕೊಂಡು ಬಂದಾಕಿ. ಇಷ್ಟು ವರ್ಷದಾಗ ಆಕಿ ಒಮ್ಮಿನೂ ಬಂದಿರ್ಲಿಲ್ಲ."

ಆ ನಾದಿನಿಯನ್ನು ತೆಲುಗು ಸೀಮೆಯ ಗದ್ವಾಲ ಕಡೆಗೆ ಕೊಟ್ಟಿದ್ದರು. ಮದುವೆ ಮುಂಜಿಗಳಲ್ಲಿ ಇಬ್ಬರಿಗೂ ಭೇಟಿ ಆಗುತ್ತಿತ್ತು, ಸೀರೆ ಕುಂಕುಮ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಆ ಪಂಚಮಿಯ ಮಾತನ್ನು ಮಾತ್ರ ಒಬ್ಬರೂ ಎತ್ತಿರಲಿಲ್ಲ. ನಾನು ಗದ್ವಾಲಕ್ಕೆ ಫೋನು ಹಚ್ಚಿದೆ. ಅವರ ಮಗ ಎತ್ತಿ, ಅಮ್ಮ ಊರಲ್ಲಿಲ್ಲ, ಕಣ್ಣಿನ ಪೊರೆ ತೆಗೆಸಲು ಹೈದರಾಬಾದಿಗೆ ಬಂದು ಮೊಮ್ಮಗನ ಮನೆಯಲ್ಲಿದ್ದಾರೆ ಎಂದರು. ಮೊಮ್ಮಗನಿಗೆ ಪಟಾನ್‌ಚೆರುವಿನಲ್ಲೇ ಕೆಲಸ. ವಿಳಾಸ ಕೇಳಿದೆ. ನಾನು ದಿನವೂ ಇಳಿಯುವ ಬಸ್‌ಸ್ಟಾಪಿನಿಂದ ನಡೆದು ಹತ್ತು ನಿಮಿಷದ ದಾರಿ.

ಭಾನುವಾರ ನನಗೆ ಇದ್ದ ಒಂದೇ ರಜೆ. ಆ ದಿನವೂ ಅದೇ ಬಸ್ಸು ಹತ್ತಿದೆ, ಪಕ್ಕದಲ್ಲಿ ಅತ್ತೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಫ್ಲೈಓವರುಗಳು ಮುಗಿದು ಕಾರ್ಖಾನೆಗಳ ಗೋಡೆ ಶುರುವಾದಾಗ ಕೇಳಿದರು, "ದಿನಾ ಇಷ್ಟು ದೂರ ಬರ್ತೀಯೇನು?"

"ಹೂಂ."

ಅವರು ನನ್ನ ಮಡಿಲಲ್ಲಿದ್ದ ಚೀಲವನ್ನು ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಮೊಮ್ಮಗ ಪಾಳಿಗೆ ಹೋಗಿದ್ದ. ಅವನ ಹೆಂಡತಿ ಬಾಗಿಲು ತೆಗೆದು ನಮ್ಮನ್ನು ಕೂರಿಸಿ ಚಹಾ ಕೊಟ್ಟು ಸಂತೆಗೆ ಹೋದಳು. ನಾದಿನಿ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ದಪ್ಪ ಹೆಂಗಸು, ಗಟ್ಟಿ ದನಿ. "ವದಿನಾ! ರಂಡಿ ರಂಡಿ," ಎಂದು ಅತ್ತಿಗೆಯನ್ನು ತೆಲುಗಿನಲ್ಲೇ ಕರೆದು, ಕೈ ಸವರಿ, ಆಮೇಲೆ ನೆನಪಾದವರಂತೆ, "ಬರ್ರಿ ವೈನಿ," ಎಂದರು. ಕಣ್ಣಿನ ಆಪರೇಷನ್, ಡಾಕ್ಟರು, ಊರಿನ ಮಳೆ, ಯಾರು ಸತ್ತರು, ಯಾರಿಗೆ ಮಕ್ಕಳಾದವು ಎಲ್ಲ ಮಾತು ಬಂತು ಹೋಯಿತು. ಅತ್ತೆ ಉತ್ತರ ಕೊಡುತ್ತಿದ್ದರು, ಆದರೆ ಅವರ ಮನಸ್ಸು ಅಲ್ಲಿರಲಿಲ್ಲ. ಚಹಾ ಆದ ಮೇಲೆ ಒಮ್ಮೆಲೇ ಹೇಳಿಬಿಟ್ಟರು.

"ನಾ ನಿನಗೊಂದು ಹೇಳಬೇಕು. ಆ ಪಂಚಮಿ ದಿನ ನನಗ ಮುಂಚೇನ ಕನಸು ಬಿದ್ದಿತ್ತು. ಹರಿಗೋಲು ಮಗಚಿದ್ದು. ನಾ ಯಾರಿಗೂ ಹೇಳ್ಲಿಲ್ಲ. ಹೇಳಿದ್ರ ಸಣ್ಣಾಕಿ ಉಳೀತಿದ್ಲೇನೋ."

ನಾದಿನಿ ಕನ್ನಡಕ ತೆಗೆದರು. ಒಂದು ಕಣ್ಣು ಕೆಂಪಗಿತ್ತು.

"ಏನ್ ಮಾತಾಡ್ತೀರಿ ವೈನಿ? ನೀವು ಹೇಳಿದ್ರಿ."

"ಇಲ್ಲ."

"ನನಗ ಹೇಳಿದ್ರಿ. ಹಿತ್ತಲದಾಗ ನನಗ ಜಡಿ ಹಾಕೂ ಮುಂದ. ನಾ ನಕ್ಕೆ. ತವರಿಗೆ ಕಳಿಸಿಲ್ಲಂತ ವೈನಿಗೆ ಹೊಟ್ಟಿಕಿಚ್ಚು, ನಮ್ಮನ್ನ ಹೆದರಸಾಕತ್ತಾರ ಅನಕೊಂಡೆ. ಅವ್ವಗ ಹೇಳಿದ್ರ ಹೊಂಟದ್ದು ನಿಲ್ಲಸ್ತಾಳಂತ ಸುಮ್ಮನಾದೆ." ಅವರ ಗಟ್ಟಿ ದನಿ ಇಳಿದಿತ್ತು. "ನೀರಾಗ ಆಕಿ ನನ್ನ ಜಡಿ ಹಿಡಕೊಂಡಿದ್ಲು. ಆಮ್ಯಾಲ ಬಿಟ್ಲು. ವೈನಿ ಹೇಳಿದ್ರೂ ನಾ ಕೇಳ್ಲಿಲ್ಲ ಅಂತ ಇಷ್ಟು ವರ್ಷ ನಿಮ್ಮ ಮುಖ ನೋಡಾಕ ಅಂಜತಿದ್ದೆ ನಾನು."

ಅತ್ತೆ ಮತ್ತೆ ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ನಾದಿನಿಯ ಮೊಣಕಾಲ ಮೇಲೆ ಕೈ ಇಟ್ಟು ಕೂತರು. ನಾದಿನಿ ಅತ್ತರು. ಆಪರೇಷನ್ ಆದ ಕಣ್ಣು, ಅಳಬೇಡಿ ಎಂದು ನಾನು ಹೇಳಬೇಕಾಯಿತು.

ಮಧ್ಯಾಹ್ನ ಊಟ ಮಾಡಿಸಿದರು. ಅತ್ತೆ ಒಳಗೆ ಅಡ್ಡಾದರು. ನಾನು ಹಿಂದೆ ತಟ್ಟೆ ತೊಳೆಯುತ್ತಿದ್ದಾಗ ನಾದಿನಿ ಗೋಡೆ ಹಿಡಿದುಕೊಂಡು ಬಂದರು. ನನಗೆ ಒಂದು ಅನುಮಾನ ಕೂತುಬಿಟ್ಟಿತ್ತು. ನಾಲ್ಕು ವರ್ಷ ಅದೇ ಅತ್ತೆಯ ಸಮಾಧಾನಕ್ಕೆ ಸುಳ್ಳು ಹೇಳಿದವಳು ನಾನು. ಬೇರೆಯವರು ಹೇಳಿದರೆ ನನಗೆ ತಿಳಿಯದೇ?

"ಖರೇನ ಅವರು ಹೇಳಿದ್ರೇನ್ರಿ? ಇಲ್ಲಾ ಅವರ ಮನಸ್ಸಿಗೆ ನೆಮ್ಮದಿ ಆಗ್ಲಂತ ಅಂದ್ರಾ?" ಎಂದು ಕೇಳಿದೆ.

ಆಚೆ ರಸ್ತೆಯಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಪೀಂ ಪೀಂ ಎನ್ನುತ್ತಿತ್ತು.

"ಜಡಿ ಹಾಕಿದ್ದು ಖರೆ. ಹಾಕೂ ಮುಂದ ಏನೋ ಅಂದಿದ್ದು ಖರೆ, ನಾ ನಕ್ಕದ್ದೂ ಖರೆ. ಏನಂದ್ರು ಅನ್ನೋದು ಮಾತ್ರ ನೆಪ್ಪಿಲ್ಲವ್ವ. ಅವತ್ತಿನ ದಿನ ಮತ್ತೇನು ಅಂದಿರ್ತಾರ? ಕನಸೇ ಇರಬೇಕು." ಕಪ್ಪು ಕನ್ನಡಕ ಸರಿ ಮಾಡಿಕೊಂಡು, "ಕನಸು ಬಿದ್ದದ್ದ ನನಗ ಇವತ್ತ ಗೊತ್ತಾತು. ಅದಕ್ಕ ಅದು ಇದು ಕೂಡ್ತು ನೋಡು," ಎಂದರು.

"ಅಂಜತಿದ್ದೆ ಅಂದ್ರಲ್ಲ?"

"ಅಂಜಿಕಿ ಇತ್ತು. ಯಾಕಂತ ಗೊತ್ತಿರ್ಲಿಲ್ಲ," ಎಂದು ಗೋಡೆ ಹಿಡಿದುಕೊಂಡೇ ಒಳಗೆ ಹೋದರು.

ಮರಳುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ನಾ ಹೇಳಿದ್ನ್ಯಾ? ನನಗ ಏನೂ ನೆಪ್ಪಾಗವಲ್ದು. ಆಕಿ ಹೇಳಿದ್ದು ಖರೆ ಇರಬಹುದೇನು?" ಎಂದು ಕೇಳಿದರು.

ತಟ್ಟೆ ತೊಳೆಯುವಾಗ ನಾದಿನಿಯಿಂದ ಕೇಳಿದ್ದು ನನ್ನ ಬಾಯಿಯವರೆಗೆ ಬಂದಿತ್ತು. "ಅವರಿಗೆ ಜಡಿ ಹಾಕಿದ್ದು ಸೈತ ನೆಪ್ಪೈತಿ ಅಂದ ಮ್ಯಾಲ, ಖರೇನ ಇರಬೇಕತ್ತಿ," ಎಂದೆ. ಅವರು ತಲೆಯಾಡಿಸಿದರು. ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಇಳಿಯುವವರೆಗೆ ನಾನು ಭುಜ ಅಲುಗಿಸದೆ ಕೂತಿದ್ದೆ. ಅದು ಮರುದಿನದವರೆಗೂ ನೋಯುತ್ತಿತ್ತು.

ಇದೆಲ್ಲ ಆಗಿ ಆರು ತಿಂಗಳಾಯಿತು. ಕನಸು ನಿಂತಿತು ಎಂದು ಬರೆಯಬಹುದಾಗಿದ್ದರೆ ಚೆನ್ನಾಗಿತ್ತು, ನಿಂತಿಲ್ಲ. ಹರಿಗೋಲು ಈಗಲೂ ವಾರಕ್ಕೆ ಎರಡು ಮೂರು ಸಲ ಮಗುಚುತ್ತದೆ. ಆದರೆ ಕೆಲವು ದಿನ ಅತ್ತೆ ಅದನ್ನು ಮಧ್ಯಾಹ್ನದವರೆಗೆ ಮರೆತಿರುತ್ತಾರೆ, ನಾನು ಮನೆಗೆ ಬಂದ ಮೇಲೆ ಕಾಯಿಪಲ್ಯದ ಮಾತಿನ ನಡುವೆ ಹೇಳುತ್ತಾರೆ. ಕೆಲವು ದಿನ ಹೇಳುವುದೇ ಇಲ್ಲ. ಭಾನುವಾರ ನಾದಿನಿಗೆ ಫೋನು ಹಚ್ಚಿಕೊಟ್ಟರೆ ಅರ್ಧ ತಾಸು ಇಬ್ಬರೂ ಒಂದೇ ಸಲ ಮಾತಾಡುತ್ತಾರೆ. ನನ್ನವರ ಕೈ ಕೂಡಿದೆ. ಮಳೆ ಬಂದರೆ ಮುಂಗೈ ಜುಮುಗುಡುತ್ತದೆ ಎನ್ನುತ್ತಾರೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅತ್ತೆ ಬಂದು ಮಣೆಯ ಮೇಲೆ ಕೂತು, ನಾನು ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದರು. ಕನಸು ಹೇಳಲಿಲ್ಲ.

"ನಿನಗ ಕನಸು ಬೀಳಂಗಿಲ್ಲೇನು?" ಎಂದು ಕೇಳಿದರು.

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕೈ ನಿಂತಿತು. "ಬೀಳತೈತ್ರಿ. ಬಸ್ಸಿನ್ಯಾಗ ನಿದ್ದಿ ಮಾಡಾಕತ್ತಿರ್ತೀನಿ, ನನ್ನ ಸ್ಟಾಪು ಹೋಗಿಬಿಡತೈತಿ. ಇಳಸ್ರಿ ಅನ್ನಾಕ ಬಾಯಿ ಬರಂಗಿಲ್ಲ. ಬಸ್ಸು ಹೊಂಟೇ ಇರತೈತಿ."

"ದಿನಾ ಇದ ಬೀಳತೈತೇನು?"

"ಭಾಳ ದಿನ."

ಅತ್ತೆ ಮಣೆಯನ್ನು ನನ್ನತ್ತ ಸರಿಸಿಕೊಂಡರು. "ಒಂದಿನ ರಜಾ ಹಾಕಿ ಮಲಕೋ," ಎಂದರು.

ಆ ದಿನ ಹಾಕಲಾಗಲಿಲ್ಲ, ಪಾಳಿಗೆ ಬೇರೆ ಯಾರೂ ಇರಲಿಲ್ಲ. ಗುರುವಾರ ಹಾಕಿದೆ. ರೊಟ್ಟಿ ಅತ್ತೆಯೇ ಬಡಿದರು, ದಪ್ಪ ದಪ್ಪಗೆ. ನಾನು ಮಧ್ಯಾಹ್ನ ಎರಡರವರೆಗೆ ಮಲಗಿದ್ದೆ.